ಕುದುರೆಯ ಹುರುಳಿ, ಮನೆಯ ಮೆಂತ್ಯ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಮಗ್ಗುಲಲ್ಲೇ ಹಾದುಹೋಗುವ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರಸ್ತೆ ಎಂಬ ಹೆಸರಿತ್ತು. ಶ್ರೀರಂಗಪಟ್ಟಣದ ಜ್ವರಬಾಧೆಗೆ ಬೇಸತ್ತ ಬ್ರಿಟಿಷರು 1809ರಲ್ಲಿ ತಮ್ಮ ಪಡೆಯನ್ನು ಹಲಸೂರಿನ ಪಕ್ಕದ ಬಯಲಿಗೆ ತಂದಾಗ ಸಿಪಾಯಿಗಳ ಜೊತೆಗೆ ಕುದುರೆಗಳೂ ಬಂದವು. ಕುದುರೆಗಳ ಹಿಂದೆ ಅವನ್ನು ನೋಡಿಕೊಳ್ಳುವ ಸಯೀಸರು, ಹುಲ್ಲು ಕೊಯ್ದು ತರುವವರು, ಲಾಳ ಹೊಡೆಯುವವರು ಬಂದರು. ಇವರೆಲ್ಲರ ಬೆನ್ನಿಗೆ ಮೂಟೆಗಟ್ಟಲೆ ಬಂದದ್ದು ಹುರುಳಿ. ದಕ್ಷಿಣದ ಸೇನೆಯಲ್ಲಿ ಬೇಯಿಸಿದ ಹುರುಳಿಯೇ ಕುದುರೆಯ ದೊಡ್ಡ ಆಹಾರ. 1896ರಲ್ಲಿ ನಾಲ್ಕನೇ ಹುಸ್ಸಾರ್ ಅಶ್ವದಳದೊಂದಿಗೆ ಯುವಕ ವಿನ್‌ಸ್ಟನ್ ಚರ್ಚಿಲ್ ಈ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದು ಪೋಲೊ ಆಡುತ್ತಿದ್ದ ಕಾಲಕ್ಕೂ ಈ ಊರಿನ ಲಾಯಗಳು ದಿನವೂ ಕಾಳು ಬೇಡುತ್ತಿದ್ದವು.

ಹಲಸೂರು, ದೊಮ್ಮಲೂರು, ಬಿನ್ನಮಂಗಲ, ಕೃಷ್ಣರಾಜಪುರದ ರೈತರ ಮನೆಗಳಲ್ಲಿ ಅದೇ ಕಾಳು ಮನುಷ್ಯರ ತಟ್ಟೆಯಲ್ಲಿತ್ತು. ಬೆಂದ ಹುರುಳಿಯ ಕಟ್ಟು ಬಸಿದು ಖಾರ ಅರೆದು ಹಾಕಿದರೆ ಬಸ್ಸಾರು, ಬಸಿದು ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದರೆ ಮೊಳಕೆ ಹುರುಳಿಯ ಸಾರು. ಉಳುವ ಎತ್ತಿಗೂ ಅದರಲ್ಲೇ ಪಾಲು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುತ್ತಲಿನ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಲ್ಲಿನ ಬೆಳೆಗಳಲ್ಲಿ ರಾಗಿಯೇ ಮೊದಲನೆಯದು. ಆದರೆ ರಾಗಿ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲುಗಳು. ರೈತರು ಇದನ್ನು ಅಕ್ಕಡಿ ಎನ್ನುತ್ತಾರೆ. ಹೊಲದಲ್ಲಿ ಜೊತೆಯಾಗಿ ಬೆಳೆದದ್ದು ಒಲೆಯ ಮೇಲೂ ಜೊತೆಯಾಗಿಯೇ ಬೇಯುತ್ತಿತ್ತು. ಮುದ್ದೆಗೆ ಕಾಳಿನ ಸಾರು, ಸಾರಿಗೆ ಸೊಪ್ಪು, ಚಟ್ನಿಗೆ ಹುಚ್ಚೆಳ್ಳು.

ಇಂದು ಸಕ್ಕರೆ ಕಾಯಿಲೆಯವರಿಗೆ ಬೀಜಗಳನ್ನು ಡಬ್ಬಿಯಲ್ಲಿ ತುಂಬಿ ಮಾರುವ ಬೀದಿಗಳೂ ಇವೇ. ಎರಡು ಶತಮಾನಗಳಲ್ಲಿ ಇಲ್ಲಿನ ಬೀಜಗಳು ಊಟದಿಂದ ಮದ್ದಿಗೆ, ಮದ್ದಿನಿಂದ ಪ್ರಯೋಗಾಲಯಕ್ಕೆ, ಅಲ್ಲಿಂದ ಪೊಟ್ಟಣಕ್ಕೆ ಸಾಗಿವೆ. ಆ ದಾರಿಯನ್ನು ಹಿಂಬಾಲಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೀಜದಿಂದ ರಕ್ತದ ಸಕ್ಕರೆಗೆ ಏನಾದರೂ ಉಪಕಾರ ಆಗಿದ್ದರೆ, ಅದು ಸಾಕಷ್ಟು ಪ್ರಮಾಣದಲ್ಲಿ, ಊಟದ ಭಾಗವಾಗಿ ಹೊಟ್ಟೆ ಸೇರಿದಾಗಲೇ ಹೆಚ್ಚಾಗಿ ಆಗಿದೆ.

ದಂಡು ಕಟ್ಟಿದ್ದು ಹೊರಗಿನಿಂದ ಬಂದವರು. ಮದರಾಸು ಸೇನೆಯ ಜೊತೆ ತಮಿಳು ಸಿಪಾಯಿಗಳು, ಗುತ್ತಿಗೆದಾರ ಮೊದಲಿಯಾರರು, ಕೂಲಿಗಳು, ಅಡುಗೆಯವರು ಬಂದರು. ಮದರಾಸ್ ಸ್ಯಾಪರ್ಸ್ ಪಡೆ ಹಲಸೂರು ಕೆರೆಯ ದಡದಲ್ಲೇ ನೆಲೆ ನಿಂತಿತು. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿ ದಖನಿ ಮಾತನಾಡುವ ಮುಸ್ಲಿಮರು, ತಮಿಳು ಮುಸ್ಲಿಮರು, ಕಚ್ಛೀ ಮೇಮನ್ ವ್ಯಾಪಾರಿಗಳು, ತೆಲುಗರು, ಆಂಗ್ಲೋ ಇಂಡಿಯನ್ನರು ಒಂದೇ ಬೀದಿಯ ನೀರು ಕುಡಿದರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿ ಒಪ್ಪಿಸಿದ ಮೇಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನ ಈ ಭಾಗ ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಮರಳಿದ್ದು 1947ರಲ್ಲಿ, ಹಳೆಯ ಊರಾದ ಪೇಟೆಯ ಜೊತೆ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹೀಗೆ ಸುಮಾರು ನೂರ ನಲವತ್ತು ವರ್ಷ ಬೇರೆಯಾಗಿ ಬೆಳೆದ ಊರಿನಲ್ಲಿ ಅಡುಗೆಮನೆಗಳೂ ಬಗೆಬಗೆಯಾಗಿದ್ದವು.

ಎಲ್ಲ ಅಡುಗೆಮನೆಗಳಿಗೂ ಸೇರಿದ ಒಂದು ಬೀಜ ಮೆಂತ್ಯ. ಹಲಸೂರಿನ ತಮಿಳು ಮನೆಗಳಲ್ಲಿ ಅಕ್ಕಿ, ಉದ್ದು, ಮೆಂತ್ಯ ಅರೆದು ಬೆಲ್ಲ, ಎಳ್ಳೆಣ್ಣೆ ಬೆರೆಸಿ ವೆಂದಯ ಕಳಿ ಮಾಡುತ್ತಾರೆ. ಮೈನೆರೆದ ಹುಡುಗಿಗೆ, ಬಾಣಂತಿಗೆ ಅದು ವಿಶೇಷ. ದಖನಿ ಮನೆಗಳಲ್ಲಿ ಬಾಣಂತಿಗೆ ಮೇಥಿಯ ಲಡ್ಡು. ರಂಜಾನಿನ ಸಂಜೆ ತಮಿಳು ಮುಸ್ಲಿಮರ ಮಸೀದಿಗಳಲ್ಲಿ ಹಂಚುವ ನೋಂಬು ಗಂಜಿಗೂ ಮೆಂತ್ಯ ಬೀಳುತ್ತದೆ. ದಿನವಿಡೀ ಬರಿದಾಗಿದ್ದ ಹೊಟ್ಟೆಗೆ ತಂಪು ಎಂಬ ನಂಬಿಕೆ. ಕನ್ನಡದ ಮನೆಗಳಲ್ಲಿ ಮೆಂತ್ಯದ ಮುದ್ದೆ, ಮೆಂತ್ಯದ ದೋಸೆ, ಮೊಸರಿಗೆ ಕಲಸಿಕೊಳ್ಳುವ ಮೆಂತ್ಯದ ಹಿಟ್ಟು, ಉಪ್ಪಿನಕಾಯಿಗೆ ಹುರಿದ ಮೆಂತ್ಯದ ಪುಡಿ.

ಶಿವಾಜಿನಗರಕ್ಕೇ ವಿಶೇಷವಾದ ಇನ್ನೆರಡು ಬೀಜಗಳಿವೆ. ಒಂದು ಕಲೌಂಜಿ. ಸಾವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಈ ಕಪ್ಪು ಬೀಜದಲ್ಲಿ ಮದ್ದಿದೆ ಎಂಬ ಪ್ರವಾದಿಗಳ ಮಾತು ಹದೀಸಿನಲ್ಲಿ ಬರುವುದರಿಂದ, ಯುನಾನಿ ಹಕೀಮರ ದವಾಖಾನೆಯಲ್ಲೂ ಗಿಡಮೂಲಿಕೆ ಮಾರುವ ಅತ್ತಾರರ ಅಂಗಡಿಯಲ್ಲೂ ಅದಕ್ಕೆ ತಪ್ಪದ ಜಾಗ. ಇನ್ನೊಂದು ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ. ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಸುತ್ತಲೂ ಲೋಳೆ ಕಟ್ಟಿಕೊಂಡು ಉಬ್ಬುವ ಇದು ಫಾಲೂದಾದ ಲೋಟಕ್ಕೆ ಸೇರುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಈ ತಿನಿಸುಗಳಲ್ಲಿ ಹೆಚ್ಚಿನವು ಸಕ್ಕರೆ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ. ಕಳಿಯಲ್ಲಿ ಬೆಲ್ಲ, ಲಡ್ಡಿನಲ್ಲಿ ತುಪ್ಪ, ಫಾಲೂದಾದಲ್ಲಿ ಸಕ್ಕರೆ ಪಾಕ ಧಾರಾಳವಾಗಿದೆ. ಬಾಣಂತಿಯ ಸೊಂಟಕ್ಕೆ ಬಲ, ದೇಹಕ್ಕೆ ತಂಪು, ಎದೆಹಾಲು ಹೆಚ್ಚಲಿ ಎಂಬ ಹಂಬಲ ಇವುಗಳ ಮೂಲ. ಅಜ್ಜಿಯಂದಿರು ಮಧುಮೇಹಕ್ಕೆಂದೇ ಮೆಂತ್ಯ ಕಂಡುಹಿಡಿದಿದ್ದರು ಎಂಬ ಇಂದಿನ ಜಾಹೀರಾತಿನ ಮಾತಿಗೆ ಈ ಅಡುಗೆಮನೆಗಳು ಸಾಕ್ಷಿ ನುಡಿಯುವುದಿಲ್ಲ.

ಮಧುಮೇಹವನ್ನು ನೇರವಾಗಿ ಎದುರಿಸಿದ್ದು ವೈದ್ಯರು. ಮಧುಮೇಹವನ್ನೂ ಒಳಗೊಂಡ ಪ್ರಮೇಹದ ಬಗ್ಗೆ ಬರೆಯುವಾಗ ಆಯುರ್ವೇದದ ಪ್ರಾಚೀನ ವೈದ್ಯ ಸುಶ್ರುತ ಎರಡು ಬಗೆ ಹೇಳುತ್ತಾನೆ: ಹುಟ್ಟಿನಿಂದ ಬರುವುದು, ತಪ್ಪು ಆಹಾರ ಮತ್ತು ಜಡ ಬದುಕಿನಿಂದ ಬರುವುದು. ಮೊದಲನೆಯ ರೋಗಿ ಕೃಶ, ಎರಡನೆಯವನು ಸ್ಥೂಲ. ಇಂದಿನ ಟೈಪ್ ಒನ್, ಟೈಪ್ ಟೂ ವಿಂಗಡಣೆಯನ್ನು ಓದಿದವರಿಗೆ ಇದು ಅಚ್ಚರಿ ತರುತ್ತದೆ. ರೋಗಿಗೆ ಸುಶ್ರುತ ಹೇಳುವ ಪಥ್ಯದಲ್ಲಿ ಹಳೆಯ ಧಾನ್ಯ, ಜವೆ, ಹಾರಕದ ಜೊತೆಗೆ ಕಡಲೆ, ತೊಗರಿ, ಹುರುಳಿ, ಹೆಸರು ಇವೆ. ಅದರ ಜೊತೆಗೆ ದೇಹಶ್ರಮ. ಬಡ ರೋಗಿ ನೂರು ಯೋಜನ ನಡೆಯಲಿ, ಬಾವಿ ತೋಡಲಿ ಎನ್ನುತ್ತದೆ ಅವನ ಸಂಹಿತೆ. ಬೀಜವೊಂದನ್ನೇ ನುಂಗಿ ಕುಳಿತುಕೊಳ್ಳಲು ಅದು ಯಾರಿಗೂ ಹೇಳಲಿಲ್ಲ.

ಬ್ರಿಟಿಷ್ ಸೇನೆಯ ವೈದ್ಯರಿಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವ ಔಷಧಿ ದುಬಾರಿಯಾಗಿತ್ತು, ತಡವೂ ಆಗುತ್ತಿತ್ತು. ಹಾಗಾಗಿ ಇಲ್ಲಿನ ಬಜಾರಿನ ಮದ್ದುಗಳನ್ನು ಅವರು ಪಟ್ಟಿ ಮಾಡತೊಡಗಿದರು. ಮದರಾಸು ಸೇನೆಯ ಶಸ್ತ್ರವೈದ್ಯ ವೈಟ್‌ಲಾ ಏನ್ಸ್ಲಿ 1826ರಲ್ಲಿ ‘ಮೆಟೀರಿಯಾ ಇಂಡಿಕಾ’ ಪ್ರಕಟಿಸಿದ. 1869ರಲ್ಲಿ ಮದರಾಸಿನ ವೈದ್ಯ ಮೊಹಿದೀನ್ ಷರೀಫ್ ಭಾರತೀಯ ಫಾರ್ಮಕೋಪಿಯಾಕ್ಕೆ ಒಂದು ಪುರವಣಿ ಬರೆದು, ಪ್ರತಿ ಗಿಡಮೂಲಿಕೆಗೂ ದಖನಿ, ತಮಿಳು, ತೆಲುಗು, ಕನ್ನಡ ಮೊದಲಾದ ಭಾಷೆಗಳ ಹೆಸರು ಕೊಟ್ಟ. ಮದರಾಸು ಸೇನೆಯ ದಂಡಾದ ಬೆಂಗಳೂರಿನಲ್ಲಿ ಅಂಥ ಪುಸ್ತಕ ಎಷ್ಟು ಉಪಯುಕ್ತವೆಂದು ಬೇರೆ ಹೇಳಬೇಕಿಲ್ಲ. ದವಾಖಾನೆಯ ಚೀಟಿಯಲ್ಲಿನ ಲ್ಯಾಟಿನ್ ಹೆಸರು ಬ್ಲ್ಯಾಕ್‌ಪಲ್ಲಿಯ ಅಂಗಡಿಯ ಯಾವ ಡಬ್ಬಿಗೆ ಸೇರಿದ್ದು ಎಂಬುದು ತಿಳಿಯಬೇಕಲ್ಲ.

ಆ ಡಬ್ಬಿಗಳಲ್ಲಿ ಒಂದು ಸಮುದ್ರ ದಾಟಿತು. ನೇರಳೆಯ ಬೀಜ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅದು ‘ಜಾಂಬುಲ್’ ಎಂಬ ಹೆಸರಿನಲ್ಲಿ ಯುರೋಪಿನ ಔಷಧಿ ಅಂಗಡಿಗಳನ್ನು ಸೇರಿತು. ಜರ್ಮನಿಯ ಪ್ರಯೋಗಾಲಯಗಳಲ್ಲಿ ನಾಯಿಗಳ ಮೇಲೆ ಪರೀಕ್ಷೆಗೂ ಒಳಗಾಯಿತು. ಮೂತ್ರದಲ್ಲಿ ಸಕ್ಕರೆ ಕಂಡರೆ ಉಪವಾಸ, ಅಫೀಮು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇಲ್ಲದ ಕಾಲ ಅದು. ಜಾಂಬುಲ್ ಕೆಲವರಿಗೆ ಗುಣ ತೋರಿತು ಎಂದರು, ಕೆಲವರಿಗೆ ಇಲ್ಲ ಎಂದರು, ಇನ್ಸುಲಿನ್ ಬಂದ ಮೇಲೆ ಮರೆತೇಬಿಟ್ಟರು.

ದಂಡಿನಲ್ಲಿ ಆಗಲೇ ದೊಡ್ಡ ಆಸ್ಪತ್ರೆಯೊಂದಿತ್ತು. ಮೈಸೂರಿನ ಕಮಿಷನರ್ ಲೆವಿನ್ ಬೆಂಥಮ್ ಬೌರಿಂಗ್ ಹೆಸರಿನ ಆಸ್ಪತ್ರೆ 1860ರ ದಶಕದ ಕೊನೆಗೆ ತೆರೆಯಿತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ ಅದರ ಕಟ್ಟಡಕ್ಕೆ ಮಾದರಿ. ಅಂದಿನ ವಾರ್ಡುಗಳನ್ನು ತುಂಬಿದ್ದು ಕಾಲರಾ, ಜ್ವರ, 1898ರ ನಂತರ ಪ್ಲೇಗು. ಸಕ್ಕರೆ ಕಾಯಿಲೆ ಸಿರಿವಂತರದ್ದು, ಕುಳಿತು ಉಣ್ಣುವವರದ್ದು ಎಂಬ ಭಾವನೆ ವೈದ್ಯಲೋಕದಲ್ಲೂ ಇತ್ತು. 1907ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಉಷ್ಣವಲಯದ ಮಧುಮೇಹದ ಬಗ್ಗೆ ಚರ್ಚೆ ನಡೆಸಿದಾಗ, ಮಾತು ಹರಿದದ್ದು ಬಹುಪಾಲು ಬಂಗಾಳದ ವಿದ್ಯಾವಂತ ಮಧ್ಯಮ ವರ್ಗದ ಸುತ್ತ. ಹಲಸೂರಿನ ಕೂಲಿಗೆ, ಕೃಷ್ಣರಾಜಪುರದ ರೈತನಿಗೆ ಈ ಕಾಯಿಲೆ ಬಂದೀತೆಂದು ಯಾರೂ ಎಣಿಸಿರಲಿಲ್ಲ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಚುಚ್ಚಿದರು. ಮಧುಮೇಹದ ಚಿಕಿತ್ಸೆ ಅಲ್ಲಿಂದ ಬೇರೆಯೇ ಆಯಿತು. 1957ರಲ್ಲಿ ಫ್ರಾನ್ಸಿನ ಜ್ಯಾಂ ಸ್ಟರ್ನ್ ಮೆಟ್‌ಫಾರ್ಮಿನ್ ಮಾತ್ರೆಯ ಗುಣವನ್ನು ಪ್ರಕಟಿಸಿದ. ಇಂದು ಟೈಪ್ ಟೂ ಮಧುಮೇಹಿಗೆ ಸಾಮಾನ್ಯವಾಗಿ ಮೊದಲು ಬರೆಯುವ ಮಾತ್ರೆ ಅದೇ. ಅದರ ಬೇರು ಗೆಲೆಗಾ ಎಂಬ ಯುರೋಪಿನ ಒಂದು ಗಿಡದ ರಸಾಯನದಲ್ಲಿದೆ, ಆ ಗಿಡ ಮೆಂತ್ಯದ ಹಾಗೆ ದ್ವಿದಳ ಕುಲಕ್ಕೆ ಸೇರಿದ್ದು. ಸಸ್ಯದ ನಂಟು ಇದ್ದರೂ ಮಾತ್ರೆ ಬಂದ ಮೇಲೆ ಬೀಜಗಳು ವೈದ್ಯರ ಮೇಜಿನಿಂದ ಇಳಿದು ಮರಳಿ ಅಡುಗೆಮನೆ ಸೇರಿದವು.

ಅಷ್ಟರಲ್ಲಿ ಅಡುಗೆಮನೆಯೇ ಬದಲಾಗತೊಡಗಿತ್ತು. ಶಿವಾಜಿನಗರದ ಹೆಮ್ಮೆಯಾದ ರಸೆಲ್ ಮಾರ್ಕೆಟ್ 1927ರಲ್ಲಿ ನಿರ್ಮಾಣವಾಗಿ, 1933ರಲ್ಲಿ ದಾನಿ ಇಸ್ಮಾಯಿಲ್ ಸೇಟರ ಕೈಯಿಂದ ಉದ್ಘಾಟನೆಯಾಯಿತು. ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರು ಅದಕ್ಕಿದೆ. ಅದೇ ದಶಕಗಳಲ್ಲಿ ಯಂತ್ರದ ಗಿರಣಿಯಲ್ಲಿ ತೌಡು ಕಳೆದ ಬಿಳಿ ಅಕ್ಕಿ ಅಗ್ಗವಾಗಿ, ಪಟ್ಟಣದವರ ದಿನದ ಊಟವಾಯಿತು. ಇದರ ಅಪಾಯವನ್ನು ಆಗಲೇ ಕಂಡವನು ರಾಬರ್ಟ್ ಮೆಕ್‌ಕ್ಯಾರಿಸನ್. ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ಸಂಶೋಧನೆ ಆರಂಭಿಸಿದ ಈ ಸೇನಾ ವೈದ್ಯ, ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದ. ಗೋಧಿ, ಕಾಳು, ಹಾಲು, ತರಕಾರಿಯ ಸಿಖ್ಖರ ಊಟ ಉಂಡ ಇಲಿಗಳು ಗಟ್ಟಿಯಾಗಿ ಬೆಳೆದವು, ಪಾಲಿಶ್ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟ ಕೊನೆಯ ಸಾಲಿನಲ್ಲಿ ನಿಂತಿತು. ಅವನು ಹಾಕಿದ ಬೀಜವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆಯಿತು.

ದಂಡಿನ ಪೂರ್ವಕ್ಕೆ ಹೊಲಗಳ ಮೇಲೆ ಕಾರ್ಖಾನೆಗಳೆದ್ದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. 1948ರಲ್ಲಿ ಕೃಷ್ಣರಾಜಪುರದ ಪಕ್ಕದ ದೂರವಾಣಿನಗರದಲ್ಲಿ ಐ.ಟಿ.ಐ., 1956ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಬಂದವು. ಉಳುತ್ತಿದ್ದ ಮನೆತನದ ಮಕ್ಕಳು ಪಾಳಿಯ ಸೈರನ್ನಿಗೆ ಎದ್ದರು. 1970ರ ದಶಕದ ಕೊನೆಗೆ ಬಿನ್ನಮಂಗಲದ ಹೊಲಗಳಲ್ಲಿ ಇಂದಿರಾನಗರ ಬಡಾವಣೆ ಹರಡಿಕೊಂಡಿತು. ರಾಗಿ ಬೀಸುವ ಕಲ್ಲು ಮೂಲೆ ಸೇರಿತು. ಹಿಂದೆ ಹಬ್ಬಕ್ಕೆ ಮಾತ್ರ ಆಗುತ್ತಿದ್ದ ಅನ್ನ ಮೂರು ಹೊತ್ತಿಗೂ ಬಂತು, ಹುರುಳಿ ಬಡತನದ ಕಾಳೆನಿಸಿಕೊಂಡಿತು. ಮಂಡ್ಯದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಬೆಸೆದು ಇಂಡಾಫ್ ರಾಗಿ ಕೊಟ್ಟು ರೈತರ ಇಳುವರಿ ಹೆಚ್ಚಿಸಿದರು. ಆದರೆ ಪಟ್ಟಣದ ತಟ್ಟೆ ಅಷ್ಟರೊಳಗೆ ಅನ್ನಕ್ಕೆ ತಿರುಗಿತ್ತು. ದೇಹಶ್ರಮ ತಗ್ಗಿತು, ನಾರು ತಗ್ಗಿತು, ಪಿಷ್ಟ ಹೆಚ್ಚಿತು. ಟೈಪ್ ಟೂ ಮಧುಮೇಹಕ್ಕೆ ಇದಕ್ಕಿಂತ ಹದವಾದ ನೆಲ ಬೇಕಿರಲಿಲ್ಲ.

ಬೀಜಗಳ ಕಡೆಗೆ ವಿಜ್ಞಾನ ಮತ್ತೆ ತಿರುಗಿದ್ದು 1970ರ ದಶಕದಲ್ಲಿ, ಅದೂ ಒಂದು ಬಳಸುದಾರಿಯಿಂದ. ಆಫ್ರಿಕಾದ ಹಳ್ಳಿಗಳಲ್ಲಿ ದುಡಿದ ಡೆನಿಸ್ ಬರ್ಕಿಟ್, ಹ್ಯೂ ಟ್ರೋವೆಲ್ ಎಂಬ ವೈದ್ಯರು ನಾರು ಕಳೆದುಕೊಂಡ ಊಟಕ್ಕೂ ಶ್ರೀಮಂತ ದೇಶಗಳ ಕಾಯಿಲೆಗಳಿಗೂ ನಂಟಿದೆ ಎಂದು ವಾದಿಸಿದರು. 1976ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮಧುಮೇಹಿಗಳ ಊಟದಲ್ಲಿ ಗೌರ್ ಅಂಟು ಮತ್ತು ಪೆಕ್ಟಿನ್ ಬೆರೆಸಿ ಕೊಟ್ಟಾಗ, ಉಂಡ ಮೇಲೆ ಏರುವ ಸಕ್ಕರೆ ಕಡಿಮೆಯಾಯಿತು. ಗೌರ್ ಎಂದರೆ ಬೇರೇನೂ ಅಲ್ಲ, ರಸೆಲ್ ಮಾರ್ಕೆಟ್ಟಿನ ತರಕಾರಿ ಬುಟ್ಟಿಯಲ್ಲಿರುವ ಗೋರಿಕಾಯಿ. ಅದು ಬಲಿತಾಗ ಬೀಜದಲ್ಲಿ ಗ್ಯಾಲಕ್ಟೊಮನ್ನಾನ್ ಎಂಬ ಲೋಳೆಯ ನಾರು ತುಂಬಿರುತ್ತದೆ. ಅದೇ ಜಾತಿಯ ನಾರು ಮೆಂತ್ಯದಲ್ಲೂ ಇದೆ. 1981ರಲ್ಲಿ ಇದೇ ಜೆಂಕಿನ್ಸ್, ಆಹಾರವೊಂದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ತೋರುವ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯನ್ನು ಕೊಟ್ಟರು.

ದಕ್ಷಿಣ ಭಾರತದಲ್ಲಿ ಈ ವಿಚಾರಕ್ಕೆ ದೊಡ್ಡ ದನಿಯಾದವರು ಮದರಾಸಿನ ಡಾ. ಎಂ. ವಿಶ್ವನಾಥನ್. 1948ರಲ್ಲೇ ಅಲ್ಲಿನ ಸ್ಟಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕೆಂದೇ ಚಿಕಿತ್ಸಾಲಯ ತೆರೆದ ಅವರು, ಧಾನ್ಯ ತಿನ್ನುವ ಜನರಿಗೆ ಧಾನ್ಯ ಬಿಡಿಸುವ ಬದಲು ಕಾಳು, ಬೇಳೆ, ತರಕಾರಿಯಿಂದ ನಾರು ಹೆಚ್ಚಿಸಿದ ಊಟವನ್ನು ಕಲಿಸಿದರು. ಅನ್ನವನ್ನೇ ನಂಬಿ ಬದುಕಿದ ಮನೆಗೆ ಅದು ಪಾಲಿಸಬಹುದಾದ ಪಥ್ಯವಾಗಿತ್ತು.

ಮೆಂತ್ಯವನ್ನು ತಕ್ಕಡಿಗೆ ಹಾಕಿದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ಆರ್.ಡಿ. ಶರ್ಮಾ, ಟಿ.ಸಿ. ರಘುರಾಮ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ ಎಣ್ಣೆಯಂಶ ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ ಎರಡು ಊಟಗಳಲ್ಲಿ ಹಂಚಿ ಕೊಟ್ಟರು. ದಿನದ ಮೂತ್ರದಲ್ಲಿ ಹೋಗುವ ಸಕ್ಕರೆ ಶೇ. 54ರಷ್ಟು ತಗ್ಗಿತು. 1996ರಲ್ಲಿ ಶರ್ಮಾ ಮತ್ತು ಸಂಗಡಿಗರು ಟೈಪ್ ಟೂ ಮಧುಮೇಹದ 60 ಜನರಿಗೆ ದಿನಕ್ಕೆ 25 ಗ್ರಾಂ ಮೆಂತ್ಯವನ್ನು 24 ವಾರ ಊಟದ ಜೊತೆ ಕೊಟ್ಟು, ಸಕ್ಕರೆಯ ಮಟ್ಟ ಇಳಿದದ್ದನ್ನು ವರದಿ ಮಾಡಿದರು.

ಇದು ಹೇಗೆ ಆಗುತ್ತದೆ? ಮೆಂತ್ಯದ ತೂಕದಲ್ಲಿ ಸುಮಾರು ಅರ್ಧ ಬರಿಯ ನಾರು, ಕಾಲು ಭಾಗ ಪ್ರೋಟೀನು. ನೀರಿನಲ್ಲಿ ಕರಗುವ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಉಬ್ಬಿ, ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತದೆ. ಅನ್ನದ ಪಿಷ್ಟಕ್ಕೂ ಅದನ್ನು ಒಡೆಯುವ ಕಿಣ್ವಗಳಿಗೂ ನಡುವೆ ಆ ಲೋಳೆ ಅಡ್ಡ ಬರುತ್ತದೆ. ಸಕ್ಕರೆ ಒಮ್ಮೆಲೇ ನುಗ್ಗದೆ ತುಸು ತುಸುವಾಗಿ ರಕ್ತಕ್ಕೆ ಸೇರುತ್ತದೆ. ಇದರ ಜೊತೆಗೆ 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಮೆಂತ್ಯದಲ್ಲಿದೆ. ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಸುವುದಕ್ಕೆ ಅದು ನೆರವಾಗುತ್ತದೆ ಎಂದು ಪ್ರಯೋಗಾಲಯದ ಕೆಲಸ ತೋರಿಸಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿ.ಎಫ್.ಟಿ.ಆರ್.ಐ.) ಕೆ. ಶ್ರೀನಿವಾಸನ್ ಅವರು ಮೆಂತ್ಯ ಮತ್ತಿತರ ಸಂಬಾರ ಪದಾರ್ಥಗಳ ಈ ಗುಣಗಳ ಬಗ್ಗೆ ಬರೆದ ವಿಮರ್ಶಾ ಲೇಖನಗಳು ಜಗತ್ತಿನ ಸಂಶೋಧಕರಿಗೆ ಆಕರವಾಗಿವೆ.

ಪ್ರಮಾಣದ ಲೆಕ್ಕ ಇಲ್ಲಿ ಬಹಳ ಮುಖ್ಯ. ರಾತ್ರಿ ನೆನೆಸಿ ಬೆಳಗ್ಗೆ ನುಂಗುವ ಒಂದು ಟೀ ಚಮಚ ಮೆಂತ್ಯ ಸುಮಾರು 4 ಗ್ರಾಂ. ಪ್ರಯೋಗದ 25 ಗ್ರಾಂ ಎಂದರೆ ಅಂಥ ಆರು ಚಮಚ. ಅಷ್ಟು ಕಹಿಯನ್ನು ನುಂಗಲು ಯಾರಿಗೂ ಆಗುವುದಿಲ್ಲ. ದೋಸೆಯ ಹಿಟ್ಟಿಗೆ, ರೊಟ್ಟಿಗೆ, ಮುದ್ದೆಗೆ, ಸಾರಿಗೆ ಹಂಚಿಹೋದರೆ ಮಾತ್ರ ಅದು ಒಂದು ದಿನದಲ್ಲಿ ಒಳಗೆ ಹೋದೀತು. ಮೆಂತ್ಯದ ಮುದ್ದೆ ಮಾಡುತ್ತಿದ್ದ ಮನೆಗಳು ಅರಿಯದೆಯೇ ಆ ಪ್ರಮಾಣದ ಹತ್ತಿರ ಇದ್ದಿರಬಹುದು. ಬೆಳಗ್ಗೆ ಒಂದು ಚಮಚ ಮೆಂತ್ಯ ನುಂಗಿ, ಆಮೇಲೆ ತಟ್ಟೆ ತುಂಬ ಅನ್ನ ಉಂಡವರು ದೂರ ಉಳಿದರು.

ನಂತರದ ಕೆಲಸಗಳು ಈ ಮಾತನ್ನು ಬಲಪಡಿಸಿವೆ, ಅದರ ಮಿತಿಯನ್ನೂ ತೋರಿಸಿವೆ. 2014ರಲ್ಲಿ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ ಬರಿ ಹೊಟ್ಟೆಯ ಸಕ್ಕರೆ ಸರಾಸರಿ ಪ್ರತಿ ಡೆಸಿಲೀಟರಿಗೆ 17 ಮಿಲಿಗ್ರಾಂನಷ್ಟು, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಕೊಡುವ ಎಚ್‌ಬಿಎ1ಸಿ ಶೇ. 0.85ರಷ್ಟು ಇಳಿದಿತ್ತು. ಆದರೆ ಹಲವು ಪ್ರಯೋಗಗಳು ಚಿಕ್ಕವು, ಗುಣಮಟ್ಟ ಸಾಲದು ಎಂದು ಅದನ್ನು ಬರೆದವರೇ ಎಚ್ಚರಿಸಿದರು. 2015ರಲ್ಲಿ ಹೈದರಾಬಾದಿನಿಂದ ಬಂದ ಅಧ್ಯಯನದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 140 ಜನರನ್ನು ಮೂರು ವರ್ಷ ಗಮನಿಸಿದರು. ದಿನಕ್ಕೆ 10 ಗ್ರಾಂ ಮೆಂತ್ಯ ತೆಗೆದುಕೊಂಡವರಿಗೆ ಹೋಲಿಸಿದರೆ, ತೆಗೆದುಕೊಳ್ಳದವರಿಗೆ ಮಧುಮೇಹ ಬರುವ ಸಾಧ್ಯತೆ 4.2 ಪಟ್ಟು ಹೆಚ್ಚಿತ್ತು. ಶಿವಾಜಿನಗರದ ಕಲೌಂಜಿಗೂ ಸೌದಿ ಅರೇಬಿಯಾದಿಂದ ಸಾಕ್ಷ್ಯ ಬಂತು. 2010ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಮಾತ್ರೆಯ ಜೊತೆಗೆ ದಿನಕ್ಕೆ 2 ಗ್ರಾಂ ಕಲೌಂಜಿ ಪಡೆದ ಟೈಪ್ ಟೂ ರೋಗಿಗಳ ಎಚ್‌ಬಿಎ1ಸಿ 12 ವಾರಗಳಲ್ಲಿ ಶೇ. 1.52ರಷ್ಟು ತಗ್ಗಿತು. ‘ಮಾತ್ರೆಯ ಜೊತೆಗೆ’ ಎಂಬುದನ್ನು ಒತ್ತಿ ಓದಬೇಕು. ನೇರಳೆ ಬೀಜಕ್ಕೆ ಇಷ್ಟು ಗಟ್ಟಿಯಾದ ಮಾನವ ಪ್ರಯೋಗಗಳ ಬೆಂಬಲ ಇನ್ನೂ ಸಿಕ್ಕಿಲ್ಲ.

ಈಗ ಇಂದಿರಾನಗರದ ನೂರಡಿ ರಸ್ತೆಯ ಸೂಪರ್ ಮಾರ್ಕೆಟ್ಟುಗಳಲ್ಲಿ ಗಾಜಿನ ಶೀಶೆಯಲ್ಲಿ ನಿಂತಿರುವುದು ಚಿಯಾ. ಮೆಕ್ಸಿಕೊದ ಆಜ್ಟೆಕ್ ಜನರ ಈ ಆಹಾರ ಕರ್ನಾಟಕದ ಹೊಲಕ್ಕೆ ಇಳಿದದ್ದು 2010ರ ದಶಕದಲ್ಲಿ. ಸಿ.ಎಫ್.ಟಿ.ಆರ್.ಐ. ಇದರ ಬೇಸಾಯ ಕ್ರಮವನ್ನು ಹದಗೊಳಿಸಿ ಬಿತ್ತನೆ ಬೀಜ ಕೊಟ್ಟಿತು, ಎಚ್.ಡಿ. ಕೋಟೆ ಮತ್ತು ಮೈಸೂರಿನ ಸುತ್ತಲಿನ ರೈತರು ಬೆಳೆದರು. 2007ರಲ್ಲಿ ಟೊರಾಂಟೊದ ವುಕ್ಸಾನ್ ತಂಡ ಟೈಪ್ ಟೂ ಮಧುಮೇಹದ 20 ಜನರಿಗೆ 12 ವಾರ ಚಿಯಾ ಜಾತಿಯ ಬೀಜ ಕೊಟ್ಟಾಗ ಎದ್ದು ಕಂಡ ಲಾಭ ರಕ್ತದೊತ್ತಡ ಇಳಿದದ್ದು, ಸಕ್ಕರೆಯಲ್ಲಿ ಅಂಥ ದೊಡ್ಡ ಇಳಿಕೆ ಅಲ್ಲ. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿಯೂ ಈಗ ಕೃಷ್ಣರಾಜಪುರದ ದಿನಸಿ ಅಂಗಡಿಗಳವರೆಗೆ ಬಂದಿದೆ. ಅಗಸೆಯಲ್ಲಿ ನಾರಿದೆ, ಒಮೆಗಾ-3 ಕೊಬ್ಬಿದೆ, ರೊಟ್ಟಿಯ ಜೊತೆ ಅದು ಸೊಗಸು. ಸಬ್ಜಾಕ್ಕೂ ಚಿಯಾಕ್ಕೂ ಲೋಳೆಯ ಗುಣ ಹೆಚ್ಚುಕಡಿಮೆ ಒಂದೇ, ಬೆಲೆ ಮಾತ್ರ ಬೇರೆ.

ಹೀಗೆ ಪ್ರತಿಯೊಂದು ಬೀಜದ ಹಿಂದೆಯೂ ಅಷ್ಟಿಷ್ಟು ಸತ್ಯವಿದೆ. ಆ ಸತ್ಯವನ್ನು ಹಿಗ್ಗಿಸಿ, ಮೆಂತ್ಯ, ನೇರಳೆ, ಹಾಗಲ, ಕಲೌಂಜಿಯನ್ನು ಒಟ್ಟಿಗೆ ಪುಡಿ ಮಾಡಿ, ‘ಶುಗರ್ ಬುಡಸಮೇತ ಹೋಗುತ್ತದೆ’ ಎಂದು ಮಾರುವುದು ಅನ್ಯಾಯ. ಅದು ಕಾನೂನಿಗೂ ವಿರುದ್ಧ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮೆಡೀಸ್ ಕಾಯ್ದೆ ಯಾವ ಕಾಯಿಲೆಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡಬಾರದೆಂದು ಪಟ್ಟಿ ಮಾಡಿದೆಯೋ ಅದರಲ್ಲಿ ಮಧುಮೇಹವೂ ಇದೆ. ಇಂಥ ಪುಡಿ ನಂಬಿ ಮಾತ್ರೆ ಅಥವಾ ಇನ್ಸುಲಿನ್ ಬಿಟ್ಟವರ ಕಣ್ಣು, ಮೂತ್ರಪಿಂಡ, ಪಾದಗಳು ಅದರ ಬೆಲೆ ತೆರುತ್ತವೆ. ಟೈಪ್ ಒನ್ ಮಧುಮೇಹದವರು ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಇನ್ನೊಂದು ಕಡೆ, ಸಕ್ಕರೆ ಇಳಿಸುವ ಮಾತ್ರೆಯ ಜೊತೆ ಮೆಂತ್ಯವನ್ನು ಹೆಚ್ಚಾಗಿ ತಿಂದರೆ ಕೆಲವರಿಗೆ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ಪಥ್ಯದ ಪ್ರಮಾಣದಲ್ಲಿ ಮೆಂತ್ಯ ಶುರು ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಚಿಯಾ, ಸಬ್ಜಾಗಳನ್ನು ಒಣದಾಗಿ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ, ಅವನ್ನು ನೆನೆಸಿಯೇ ತಿನ್ನಬೇಕು.

ರಸೆಲ್ ಮಾರ್ಕೆಟ್ಟಿನಿಂದ ಬೌರಿಂಗ್ ಆಸ್ಪತ್ರೆಗೆ ಕಾಲ್ನಡಿಗೆಯ ದೂರ. ಬೀಜ ಮಾರುವವನ ಮಾತು ನಿಜವೋ ಸುಳ್ಳೋ ಎಂದು ಅಳೆಯುವ ಸಾಧನ ಇಂದು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ಇದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕೆ ಅಂಟಿದ ಸಕ್ಕರೆಯನ್ನು ಎಣಿಸುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಕೊಡುತ್ತದೆ. ಊಟ ಬದಲಿಸಿದ ದಿನದಿಂದ ಮೂರು ತಿಂಗಳಿಗೆ ಒಮ್ಮೆ ಈ ಪರೀಕ್ಷೆ ಮಾಡಿಸಿದರೆ, ಮೆಂತ್ಯದಿಂದ ಆ ದೇಹಕ್ಕೆ ಏನಾದರೂ ಆಗಿದೆಯೇ ಎಂಬುದು ಗೊತ್ತಾಗುತ್ತದೆ. ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರು ಆ ಅಂಕಿ ನೋಡಿ ಹೇಳಬಲ್ಲರು.

2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಪಟ್ಟಣಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಸಿರಿವಂತರ ಕಾಯಿಲೆ ಎಂದು 1907ರಲ್ಲಿ ಮಾತಾಡಿಕೊಂಡದ್ದು ಇಂದು ಹಲಸೂರಿನ ಓಣಿಗಳಲ್ಲೂ ಹೊಸಕೋಟೆ ರಸ್ತೆಯ ಹಳ್ಳಿಗಳಲ್ಲೂ ಮನೆಮನೆಯ ಮಾತು. ಇದಲ್ಲದೆ 13.6 ಕೋಟಿ ಜನ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಬೀಜಗಳಿಂದ ಹೆಚ್ಚು ಪ್ರಯೋಜನ ಆಗಬಹುದಾದದ್ದು ಇವರಿಗೇ. ಹೈದರಾಬಾದಿನ ಅಧ್ಯಯನದ ಪ್ರಮಾಣವನ್ನೇ ಹಿಡಿದರೆ ಒಬ್ಬರಿಗೆ ತಿಂಗಳಿಗೆ 300 ಗ್ರಾಂ ಮೆಂತ್ಯ ಬೇಕು. ಅದರ ಜೊತೆಗೆ ವಾರಕ್ಕೆ ಎರಡು ಮೂರು ದಿನ ಹುರುಳಿ ಅಥವಾ ಅವರೆಯ ಸಾರು, ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ಕಾಳು ಸೊಪ್ಪು ಹೆಚ್ಚು, ಊಟದ ನಂತರ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡಿಗೆ. ಇದಕ್ಕೆ ಬೇಕಾದ ಸಾಮಾನೆಲ್ಲ ಹಲಸೂರು ಬಜಾರಿನ ಯಾವುದೇ ದಿನಸಿ ಅಂಗಡಿಯಲ್ಲಿ, ಲೇಬಲ್ ಇಲ್ಲದ ಗೋಣಿಚೀಲದಲ್ಲಿ, ತೂಕಕ್ಕೆ ಸಿಗುತ್ತದೆ.